ತಾನೇ ಬರೆದ ಸಾಲನ್ನು ತಾನೇ ಕಿತ್ತ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೋರ್ಡ್ ಬರೆಯುವ ಅಂಗಡಿಯ ಅಂಗಳದಲ್ಲಿ ಒಂದು ಬಿಳಿ ವ್ಯಾನು ನಿಂತಿದೆ. ಪಕ್ಕದಲ್ಲಿ ಸ್ಟೂಲು ಹತ್ತಿ ನಿಂತ ಹೆಂಗಸೊಬ್ಬರು ಹೇರ್ ಡ್ರೈಯರ್ ಹಿಡಿದು ವ್ಯಾನಿನ ಮೈಗೆ ಬಿಸಿಗಾಳಿ ಬಿಡುತ್ತಿದ್ದಾರೆ. ದಾರಿಯಲ್ಲಿ ಹೋಗುವ ಹಾಲಿನವನು ಸೈಕಲ್ ನಿಧಾನ ಮಾಡಿ, "ಅಕ್ಕಾ, ಗಾಡಿಗೆ ತಲೆಸ್ನಾನ ಆಯ್ತಾ?" ಎಂದು ಕೇಳುತ್ತಾನೆ. "ಆಯ್ತು, ಜಡೆ ಹಾಕೋದೊಂದು ಬಾಕಿ" ಎಂದು ಅಕ್ಕ ಕತ್ತು ತಿರುಗಿಸದೆಯೇ ಉತ್ತರ ಕೊಡುತ್ತಾರೆ.

ಬಿಸಿ ತಾಗಿ ಸ್ಟಿಕರ್ ಅಕ್ಷರದ ಅಂಚು ಮೆತ್ತಗಾಗುತ್ತಿದ್ದಂತೆ ಅದನ್ನು ಉಗುರಿನಿಂದ ಎಬ್ಬಿಸಿ, ಹರಿಯದ ಹಾಗೆ ಮೆಲ್ಲಗೆ ಎಳೆಯುತ್ತಾರೆ. ಉಳಿದ ಅಂಟನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸುತ್ತಾರೆ. ವ್ಯಾನು ಎಂಟಕ್ಕೆಲ್ಲ ಕೆಲಸಕ್ಕೆ ಹೊರಡಬೇಕು. ಅಷ್ಟರಲ್ಲಿ ಎರಡೂ ಮಗ್ಗುಲಿನ ಅಕ್ಷರ ಹೋಗಬೇಕು. "ನಡೆಯಲಾಗದವರ ಬಾಳಿಗೆ ನಾವೇ ಹೆಜ್ಜೆ" ಎಂಬ ಸಾಲು ನನ್ನ ಕಣ್ಣೆದುರೇ ಒಂದೊಂದೇ ಅಕ್ಷರವಾಗಿ ಕಳಚಿ, ಸ್ಟೂಲಿನ ಕೆಳಗೆ ಮುದ್ದೆಯಾಗಿ ಬೀಳುತ್ತದೆ. ಅದನ್ನು ಬರೆದವರು, ಕತ್ತರಿಸಿದವರು, ಅಂಟಿಸಿದವರು ಎಲ್ಲ ಈ ಅಕ್ಕನೇ.

ಈ ಬೀದಿಯಲ್ಲಿ ಎಲ್ಲರೂ ಇವರನ್ನು ಕರೆಯುವುದು ಸಾಲಿನಕ್ಕ ಎಂದು. ವಯಸ್ಸು ಐವತ್ತು ದಾಟಿದೆ. ಕನ್ನಡಕ ಸದಾ ಹಣೆಯ ಮೇಲೆ, ಹುಡುಕಾಟ ಸದಾ ಮೇಜಿನ ಮೇಲೆ. ಅಂಗಡಿಯಲ್ಲಿ ಇವರ ಕೆಲಸ ಸ್ಟಿಕರ್ ಕತ್ತರಿಸಿ ಅಂಟಿಸುವುದು. ಆದರೆ ಸಮಾಜಸೇವೆ ಮಾಡುವ ಸಂಘಸಂಸ್ಥೆಗಳವರು ಬೋರ್ಡ್ ಬರೆಸಲು ಬಂದರೆ ಮಾಲೀಕರು ಸೀದಾ ಇವರ ಮೇಜಿನ ಕಡೆ ಕೈ ತೋರಿಸುತ್ತಾರೆ. ಬಂದವರ ಕೈಯಲ್ಲಿ ತಮ್ಮ ಧ್ಯೇಯೋದ್ದೇಶಗಳ ಒಂದು ತುಂಬು ಪುಟ ಇರುತ್ತದೆ. ವ್ಯಾನಿನ ಬಾಗಿಲಿನ ಮೇಲೆ ಜಾಗ ಇರುವುದು ಮೊಳದಷ್ಟು. ಆ ಪುಟವನ್ನು ಈ ಮೊಳಕ್ಕೆ ಇಳಿಸುವುದು ಸಾಲಿನಕ್ಕನ ಪಾಲಿಗೆ ಬಂದ ಕೆಲಸ. ಓದಿಕೊಂಡವರು ಇದನ್ನು ಟ್ಯಾಗ್‌ಲೈನ್ ಎನ್ನುತ್ತಾರೆ. "ನಾವು ಸಾಲು ಅಂತೀವಿ. ಟ್ಯಾಗ್‌ಲೈನ್ ಅಂದ್ಬಿಟ್ರೆ ಇನ್ನೂ ಎರಡು ದಿನ ಟೈಮ್ ತಗೋಬೇಕಾಗುತ್ತೆ" ಎಂದು ನಗುತ್ತಾರೆ.

ರಕ್ತದಾನದ ತಂಡವೊಂದಕ್ಕೆ ಇವರು ಕೊಟ್ಟ ಸಾಲು: "ಹತ್ತು ನಿಮಿಷ ಮಲಗಿ, ಎದ್ದು ಹೋಗಿ." ದೊಡ್ಡವರಿಗೆ ಅಕ್ಷರ ಕಲಿಸುವ ಸಂಜೆ ಶಾಲೆಗೆ: "ತಡವಾಗಿ ಬಂದವರಿಗೆ ಇಲ್ಲಿ ಬಾಗಿಲು ಹಾಕುವುದಿಲ್ಲ." ಎರಡನ್ನೂ ನಾನು ಎಷ್ಟೋ ಸಲ ಓದಿದ್ದೇನೆ. ಇವುಗಳನ್ನು ಯಾರೋ ಕೂತು ಬರೆದಿರಬೇಕು ಎಂದು ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ಸಾಲಿನ ಕೆಳಗೆ ಹೆಸರು ಹಾಕುವ ರೂಢಿ ಈ ಕಸುಬಿನಲ್ಲಿಲ್ಲ, ಅಕ್ಕನಿಗೂ ಅದರ ಗೊಡವೆಯಿಲ್ಲ.

ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡ ಇವರನ್ನು ಸಾಕಿದ್ದು ದೊಡ್ಡಮ್ಮ, ದೊಡ್ಡಪ್ಪ. ದೊಡ್ಡಪ್ಪ ಮನೆಗಳಿಗೆ ಸುಣ್ಣ ಬಳಿಯುತ್ತಿದ್ದರು. "ನಾಳೆ ಸುಣ್ಣ ಹೊಡೆಯೋ ಗೋಡೆ ಮೇಲೆ ಇವತ್ತು ಏನು ಬೇಕಾದ್ರೂ ಬರ್ಕೋ ಅಂತ ಬ್ರಷ್ ಕೊಡ್ತಿದ್ರು. ಬೇರೆ ಮಕ್ಕಳು ಗೋಡೆ ಮೇಲೆ ಬರೆದ್ರೆ ಏಟು ತಿಂತಿದ್ರು, ನಂಗೆ ಮಾತ್ರ ಭೇಷ್ ಅನ್ನೋರು" ಎಂದು ಅಕ್ಕ ನೆನೆಯುತ್ತಾರೆ. ಹದಿನೆಂಟಕ್ಕೆ ಈ ಅಂಗಡಿ ಸೇರಿದಾಗ ಎಲ್ಲವೂ ಕುಂಚದ ಕೆಲಸ. ಆಮೇಲೆ ಸ್ಟಿಕರ್ ಕತ್ತರಿಸುವ ಯಂತ್ರ ಬಂತು, ಕುಂಚದವರು ಒಬ್ಬೊಬ್ಬರಾಗಿ ಬೇರೆ ದಾರಿ ನೋಡಿಕೊಂಡರು. ಯಂತ್ರಕ್ಕೆ ಏನನ್ನು ಕತ್ತರಿಸಬೇಕೆಂದು ಹೇಳಲು ಒಬ್ಬರು ಬೇಕಿತ್ತು. ಹಾಗಾಗಿ ಸಾಲಿನಕ್ಕ ಉಳಿದರು.

ಇನ್ನು ಈ ವ್ಯಾನಿನ ಕಥೆ. ಗಾಲಿಕುರ್ಚಿ, ವಾಕರ್, ಊರುಗೋಲುಗಳನ್ನು ಬೇಕಾದವರ ಮನೆಗೆ ಪುಕ್ಕಟೆಯಾಗಿ ಮುಟ್ಟಿಸಿ, ಅವರು ಚೇತರಿಸಿಕೊಂಡ ಮೇಲೆ ವಾಪಸು ತರುವ ಸಂಸ್ಥೆಯೊಂದರ ವ್ಯಾನು ಇದು. ಎರಡು ವರ್ಷದ ಹಿಂದೆ ಅಕ್ಕ ಬರೆದುಕೊಟ್ಟ ಆ "ಹೆಜ್ಜೆ"ಯ ಸಾಲಿಗೆ ಸಂಸ್ಥೆಯ ಸಭೆಯಲ್ಲಿ ಚಪ್ಪಾಳೆ ಬಿದ್ದಿತ್ತು. ಅಧ್ಯಕ್ಷರು ಅಂಗಡಿಗೇ ಬಂದು ಬೆನ್ನು ತಟ್ಟಿದ್ದರು. ವ್ಯಾನಿನ ಮೇಲಷ್ಟೇ ಅಲ್ಲ, ಪ್ರತಿ ಗಾಲಿಕುರ್ಚಿಯ ಬೆನ್ನ ಮೇಲೂ ಅದೇ ಸಾಲನ್ನು ಅಂಟಿಸಲಾಯಿತು. ಅಕ್ಕನೂ ಒಳಗೊಳಗೇ ಉಬ್ಬಿದ್ದರು. "ಸುಳ್ಳು ಯಾಕೆ ಹೇಳ್ಲಿ, ಆ ವ್ಯಾನು ಎದುರಿಗೆ ಬಂದ್ರೆ ನಿಂತು ನೋಡ್ತಿದ್ದೆ" ಎನ್ನುತ್ತಾರೆ.

ಕೆಲವು ತಿಂಗಳ ಹಿಂದೆ ದೊಡ್ಡಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು, ಆಪರೇಷನ್ ಆಯಿತು. ಮಲಗಿಸಿಬಿಡಬೇಡಿ, ಮೊದಲು ಕುರ್ಚಿಯಲ್ಲಿ ಕೂರಿಸಿ ಹೊರಗೆ ಕರೆದುಕೊಂಡು ಹೋಗಿ, ಆಮೇಲೆ ವಾಕರ್ ಹಿಡಿಸಿ, ಹೀಗೇ ಮಲಗಿದ್ದರೆ ಮತ್ತೆ ಏಳುವುದು ಕಷ್ಟ ಎಂದು ಡಾಕ್ಟರು ಒತ್ತಿ ಹೇಳಿದರು. ಅಕ್ಕನಿಗೆ ಇದೇನು ದೊಡ್ಡ ವಿಷಯ? ಸಂಸ್ಥೆಗೆ ಒಂದು ಫೋನ್ ಮಾಡಿದರು. ವ್ಯಾನು ಬಾಗಿಲಿಗೆ ಬಂತು. ದೊಡ್ಡಮ್ಮ ಮಲಗಿದಲ್ಲಿಂದಲೇ ಕಿಟಕಿಯಲ್ಲಿ ಅದರ ಮೇಲಿದ್ದುದನ್ನು ಓದಿದರು. "ಆ ಗಾಡಿ ನಮ್ಮನೆ ಮುಂದೆ ನಿಲ್ಲಬಾರದು. ಈಗ್ಲೇ ಕಳ್ಸು" ಎಂದು ಗೋಡೆಯ ಕಡೆ ಮುಖ ತಿರುಗಿಸಿದರು.

ಹೊರಗೆ ವ್ಯಾನಿನ ಡ್ರೈವರಣ್ಣ ಒಂದಿಷ್ಟೂ ಆಶ್ಚರ್ಯಪಡಲಿಲ್ಲ. "ಇದೇನು ಹೊಸದಲ್ಲ ಬಿಡಿ ಅಕ್ಕ. ಎಷ್ಟೋ ಮನೆಯವ್ರು ಗಾಡಿ ತಿರುವಲ್ಲೇ ನಿಲ್ಸಿ, ನಾವೇ ಬಂದು ಎತ್ಕೊಂಡು ಹೋಗ್ತೀವಿ ಅಂತಾರೆ. ಬೇಡ್ವೇ ಬೇಡ ಅಂತ ವಾಪಸ್ ಕಳ್ಸಿದೋರೂ ಇದ್ದಾರೆ" ಎಂದ. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ಎಲ್ರೂ ಚೆನ್ನಾಗಿದೆ ಅಂತಿದ್ರು. ನಿಮ್ಮ ಮನಸ್ಸು ಯಾಕೆ ನೋಯಿಸ್ಲಿ ಅಂತ ಸುಮ್ಮನಿದ್ದೆ" ಎಂದು ತಲೆ ಕೆರೆದುಕೊಂಡ.

ಅಕ್ಕ ಮರುದಿನವೇ ಒಂದು ಕುರ್ಚಿಯ ಬೆನ್ನಿನ ಸ್ಟಿಕರ್ ಕಿತ್ತು, ಬೇರೆ ಗಾಡಿಯಲ್ಲಿ ಹಾಕಿಕೊಂಡು ಮನೆಗೆ ತಂದರು. ದೊಡ್ಡಮ್ಮ ಜಗ್ಗಲಿಲ್ಲ. "ಅಕ್ಷರ ಕಿತ್ರೆ ಧರ್ಮದ ಮಾಲು ಧರ್ಮದ್ದಲ್ಲ ಅಂತ ಆಗ್ಬಿಡುತ್ತಾ?" ಎಂದು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದರು. ಬಟ್ಟೆ ಹೊಲಿದು ಬದುಕು ಸಾಗಿಸಿದ ಜೀವ ಅದು, ಒಂದು ಗುಂಡಿಯನ್ನೂ ಯಾರಿಂದಲೂ ಸುಮ್ಮನೆ ತೆಗೆದುಕೊಂಡವರಲ್ಲ. ಕುರ್ಚಿ ಬಂದ ದಾರಿಯಲ್ಲೇ ವಾಪಸು ಹೋಯಿತು. ಈಗ ಅಕ್ಕ ಪ್ರತಿ ಸಲ ಹೋದಾಗಲೂ, ಇನ್ನೂ ಮಲಗಿಸಿಯೇ ಇದ್ದೀರಾ ಎಂದು ಡಾಕ್ಟರು ತಲೆ ಅಲ್ಲಾಡಿಸುತ್ತಾರೆ. ಅಕ್ಕನ ಎದೆಯೊಳಗೆ ಒಂದೇ ಭಯ, ಸಾಕಿದ ತಾಯಿ ತಾನು ಬರೆದ ಸಾಲಿನ ದೆಸೆಯಿಂದ ಮಂಚಕ್ಕೇ ಅಂಟಿಕೊಂಡುಬಿಟ್ಟರೆ?

ಇದಾದ ಮೇಲೆ ಸಂಸ್ಥೆಯ ಕಾರ್ಯದರ್ಶಿಯ ಹತ್ತಿರ ಹೋಗಿ, ಹೊಸ ಸಾಲು ಸಿಗುವ ತನಕ ವ್ಯಾನೂ ಕುರ್ಚಿಗಳೂ ಬೋಳಾಗಿಯೇ ಓಡಾಡಲಿ ಎಂದು ಅಕ್ಕ ಪಟ್ಟು ಹಿಡಿದರು. ನಿವೃತ್ತ ನರ್ಸ್ ಆಗಿರುವ ಕಾರ್ಯದರ್ಶಿ ಒಪ್ಪಿದರು. ನಾನು ಆ ಬೆಳಿಗ್ಗೆ ಅಂಗಳದಲ್ಲಿ ನೋಡಿದ್ದು ಅದನ್ನೇ. ಕೊನೆಯ ಅಕ್ಷರ ಕಿತ್ತ ಮೇಲೆ, ಬೇಜಾರಾಗುತ್ತಿದೆಯೇ ಎಂದು ಕೇಳುತ್ತೇನೆ. "ಅಕ್ಷರ ಕೀಳೋಕೆ ಏನು ಬೇಜಾರು. ಸ್ಟಿಕರ್ ಅಂಟಿಸೋಕೆ ಮುಂಚೆ ಕಾಗದದ ಮೇಲೆ ಬರೆದು, ಇದೇ ಅಂಗಳದಲ್ಲಿ ಗಾಡಿಗೆ ಹಚ್ಚಿ, ನಾಲ್ಕು ಜನಕ್ಕೆ ತೋರ್ಸಿದ್ದೆ. ಎಲ್ರೂ ಭೇಷ್ ಅಂದ್ರು. ಆದ್ರೆ ಓದಿದೋರೆಲ್ಲ ಕಾಲು ಗಟ್ಟಿ ಇದ್ದೋರೇ. ಅದು ನಂಗೆ ಆಗ ಹೊಳೀಲಿಲ್ಲ" ಎಂದು ಕೈ ಒರೆಸಿಕೊಳ್ಳುತ್ತಾರೆ. ಈ ಅಕ್ಕನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ಗಳಿಗೆಯಲ್ಲಿ.

ಎರಡು ದಿನ ಬಿಟ್ಟು ಅವರ ಮನೆಗೆ ಹೋಗುತ್ತೇನೆ. ಎರಡು ಕೋಣೆಯ ಮನೆ, ಕಿಟಕಿಗೆ ತಾಗಿದಂತೆ ದೊಡ್ಡಮ್ಮನ ಮಂಚ. ಅಕ್ಕ ಟೀ ಕಾಯಿಸುತ್ತಿದ್ದಾರೆ. ನನ್ನನ್ನು ನೋಡಿದ ದೊಡ್ಡಮ್ಮ, "ಇವಳ ಬಗ್ಗೆ ಬರೀತೀರಂತೆ. ಕನ್ನಡಕ ಎಲ್ಲಿಟ್ಟಿದ್ದಾಳೆ ಅಂತಾನೂ ಬರೀರಿ, ಪೇಪರ್ ನೋಡಿ ಹುಡುಕ್ಕೊಳ್ಳಲಿ" ಎನ್ನುತ್ತಾರೆ. ಮೈ ಸೊರಗಿದೆ, ನಾಲಿಗೆ ಸೊರಗಿಲ್ಲ.

ಅಷ್ಟರಲ್ಲಿ ಹೊರಗಿನಿಂದ ಪಕ್ಕದ ಮನೆಯವನ ದನಿ: "ದೊಡ್ಡಮ್ಮ, ಏಣಿ ತಗೊಂಡು ಹೋಗ್ತಿದ್ದೀನಿ." ದೊಡ್ಡಪ್ಪ ಬಿಟ್ಟುಹೋದ ಬಿದಿರಿನ ಏಣಿ ಮನೆಯ ಹೊರಗೋಡೆಗೆ ಒರಗಿಕೊಂಡೇ ಇರುತ್ತದಂತೆ. ಬಲ್ಬ್ ಬದಲಿಸುವುದಿರಲಿ, ಅಟ್ಟ ಹತ್ತುವುದಿರಲಿ, ಇಡೀ ಬೀದಿಗೆ ಅದೊಂದೇ ಏಣಿ. "ಒಯ್ಯಿ. ಹೋದ ಸಲದ ಹಾಗೆ ಅಲ್ಲೇ ಬಿಟ್ಟುಕೊಂಡು ಕೂತಿರಬೇಡ" ಎಂದು ದೊಡ್ಡಮ್ಮ ಮಲಗಿದಲ್ಲಿಂದಲೇ ಗದರುತ್ತಾರೆ.

ಅಡುಗೆಮನೆಯಿಂದ ಅಕ್ಕ ತುಸು ಸಿಟ್ಟಿನಲ್ಲೇ ಕೇಳುತ್ತಾರೆ: "ಅವ್ನೂ ಸುಮ್ಮನೆ ತಾನೇ ಒಯ್ತಿರೋದು? ಅವ್ನಿಗೆ ನಾಚಿಕೆ ಆಗಲ್ವಾ?"

"ಏಣಿಗೆ ಯಾಕೆ ನಾಚಿಕೆ?" ದೊಡ್ಡಮ್ಮನ ಹುಬ್ಬು ಮೇಲೇರುತ್ತದೆ. "ಬೇಕಾದಾಗ ಒಯ್ತಾನೆ, ಕೆಲ್ಸ ಆದ್ಮೇಲೆ ತರ್ತಾನೆ. ಅದೇನು ಧರ್ಮಾನಾ?"

ಅಡುಗೆಮನೆಯಿಂದ ಸ್ವಲ್ಪ ಹೊತ್ತಿನಲ್ಲಿ ಟೀ ಉಕ್ಕಿ ಒಲೆ ಆರಿದ ವಾಸನೆ ಬರುತ್ತದೆ. ಅಕ್ಕ ಅದರ ಮುಂದೆಯೇ ನಿಂತಿದ್ದಾರೆ, ಕೈಯಲ್ಲಿ ಇಕ್ಕಳವೂ ಇದೆ. ದೊಡ್ಡಮ್ಮ ನನ್ನ ಕಡೆ ತಿರುಗಿ, "ಇದನ್ನೂ ಬರ್ಕೊಳ್ಳಿ" ಎನ್ನುತ್ತಾರೆ.

ಮರುದಿನ ಸಂಸ್ಥೆಯ ಮೇಜಿನ ಮೇಲೆ ಅಕ್ಕ ಒಂದು ಉದ್ದನೆಯ ಕಾಗದ ಬಿಡಿಸಿಡುತ್ತಾರೆ. ಅದರ ಮೇಲೆ, "ಬೇಕಾದಾಗ ಒಯ್ಯಿರಿ. ಕೆಲಸ ಆದಮೇಲೆ ತನ್ನಿ." ಅಧ್ಯಕ್ಷರು ಎರಡು ಸಲ ಓದಿ ಮೂಗು ಮುರಿಯುತ್ತಾರೆ. ಅವರು ಬಟ್ಟೆ ಅಂಗಡಿ ನಡೆಸಿದವರು, ಸಂಸ್ಥೆಗೆ ಮೊದಲ ಕುರ್ಚಿ ಕೊಟ್ಟವರು, ಒಳ್ಳೆಯ ಮನುಷ್ಯ. "ಇದ್ರಲ್ಲಿ ಸೇವೆ ಎಲ್ಲಮ್ಮ ಇದೆ? ಕರುಣೆ ಅನ್ನೋದು ಒಂಚೂರೂ ಕಾಣ್ತಿಲ್ಲ. ಪಾತ್ರೆ ಬಾಡಿಗೆಗೆ ಕೊಡೋ ಅಂಗಡಿ ಬೋರ್ಡ್ ಇದ್ದ ಹಾಗಿದೆ" ಎನ್ನುತ್ತಾರೆ.

"ಸೇವೆ ನೀವು ಮಾಡ್ತಾನೇ ಇದ್ದೀರಲ್ಲ ಸಾರ್. ಅದನ್ನ ಕುರ್ಚಿ ಬೆನ್ನ ಮೇಲೂ ಬರೆದ್ರೆ ಅದ್ರಲ್ಲಿ ಕೂರೋರಿಗೆ ಭಾರ" ಎನ್ನುತ್ತಾರೆ ಅಕ್ಕ. ದನಿ ಮೆತ್ತಗಿದೆ, ಬೆರಳು ಮಾತ್ರ ಕಾಗದದ ಅಂಚನ್ನು ಗಟ್ಟಿಯಾಗಿ ಹಿಡಿದಿದೆ. ಕೊನೆಗೆ ಕಾರ್ಯದರ್ಶಿ ನಡುವೆ ಬಂದು ರಾಜಿ ಮಾಡಿಸುತ್ತಾರೆ. ಸ್ಟಿಕರ್ ಈಗಲೇ ಬೇಡ. ಒಂದು ವಾರ ಕಾಗದದ ಸಾಲನ್ನೇ ಟೇಪು ಹಾಕಿ ಅಂಟಿಸಿಕೊಂಡು ವ್ಯಾನು ಮನೆಮನೆಗೆ ಹೋಗಿಬರಲಿ, ಜನ ಏನನ್ನುತ್ತಾರೋ ಡ್ರೈವರಣ್ಣ ಮುಚ್ಚುಮರೆಯಿಲ್ಲದೆ ಬಂದು ಹೇಳಲಿ.

ಆ ವಾರವಿಡೀ ಅಕ್ಕನಿಗೆ ಊಟ ಸೇರುವುದಿಲ್ಲ. ಅಂಗಡಿಯ ಕೆಲಸ ತಪ್ಪುವುದಿಲ್ಲ, ಸಂಜೆ ವ್ಯಾನು ಬರುವ ಹೊತ್ತಿಗೆ ಅಂಗಳದಲ್ಲಿ ಹಾಜರು. ಡ್ರೈವರಣ್ಣನೂ ಮೊದಲಿನ ಹಾಗಿಲ್ಲ, ಈಗ ಬಾಯಿಬಿಟ್ಟು ವರದಿ ಒಪ್ಪಿಸುತ್ತಾನೆ. "ತಿರುವಲ್ಲಿ ನಿಲ್ಸಿ ಅಂತ ಯಾರೂ ಅನ್ಲಿಲ್ಲ ಅಕ್ಕ. ಒಬ್ಬ ತಾತ ಅಂತೂ ಗೇಟ್ ತೆಗೆದು, ಒಳಗೇ ಹಾಕ್ಕೊಳ್ಳಪ್ಪ, ನೆರಳಿದೆ ಅಂದ್ರು." ಇನ್ನೊಬ್ಬರು ಯಾವ ಕಾಲದಲ್ಲೋ ಒಯ್ದು ಅಟ್ಟಕ್ಕೆ ಹಾಕಿದ್ದ ವಾಕರನ್ನು ಇಳಿಸಿ ತಂದುಕೊಟ್ಟರಂತೆ, ತನ್ನಿ ಅಂತ ಬರೆದಿದೆಯಲ್ಲ ಎಂದರಂತೆ. ಇದನ್ನು ಕೇಳಿದ ಮೇಲೆ ಅಧ್ಯಕ್ಷರು ಸೇವೆಯ ಬಗ್ಗೆ ಮತ್ತೆ ಪ್ರಸ್ತಾಪಿಸಿಲ್ಲ.

ಉಳಿದಿರುವುದು ಒಂದು ಮನೆ. ಭಾನುವಾರ ಬೆಳಿಗ್ಗೆ ವ್ಯಾನು ದೊಡ್ಡಮ್ಮನ ಬಾಗಿಲಿಗೆ ಬರುತ್ತದೆ. ಅಕ್ಕ ಏನೂ ಹೇಳಿಲ್ಲ, ಹೇಳುವ ಧೈರ್ಯವೂ ಇಲ್ಲ. ಹಾಸಿಗೆಯ ಬದಿಯಲ್ಲಿ ಕೂತು, ಮಡಚಿದ ಬಟ್ಟೆಗಳನ್ನೇ ಮತ್ತೆ ಮಡಚುತ್ತಿದ್ದಾರೆ. ದೊಡ್ಡಮ್ಮ ಕಿಟಕಿಯ ಕಡೆ ಕತ್ತು ಚಾಚಿ, ಕಾಗದದ ಮೇಲಿದ್ದುದನ್ನು ತುಟಿ ಅಲ್ಲಾಡಿಸುತ್ತಾ ಓದುತ್ತಾರೆ. ನಾನು ಮಂಚದ ಪಕ್ಕದಲ್ಲಿ ನಿಂತಿದ್ದೇನೆ.

"ಆ ಡ್ರೈವರ್‌ನ ಒಳಗೆ ಕರಿ" ಎನ್ನುತ್ತಾರೆ.

ಡ್ರೈವರಣ್ಣ ಬಾಗಿಲಲ್ಲೇ ನಿಲ್ಲುತ್ತಾನೆ. ವಿಚಾರಣೆ ಶುರುವಾಗುತ್ತದೆ. ಇದಕ್ಕೆ ಮುಂಚೆ ಆ ಕುರ್ಚಿ ಯಾರ ಹತ್ತಿರ ಇತ್ತು? ಒಬ್ಬ ಬಸ್ ಕಂಡಕ್ಟರ್ ಹತ್ತಿರ, ಈಗ ಡ್ಯೂಟಿಗೆ ಹೋಗ್ತಿದ್ದಾರೆ. ಒರೆಸಿ ತಂದಿದ್ದೀಯಾ? ಒರೆಸಿದ್ದೀನಿ ದೊಡ್ಡಮ್ಮ. ಗಾಲಿಗೆ ಎಣ್ಣೆ? ಹಾಕಿದ್ದೀನಿ.

"ವಾಪಸ್ ಯಾವತ್ತು ಕೊಡ್ಬೇಕು?"

"ನೀವು ಎದ್ದು ಓಡಾಡಿದ ದಿನ."

ದೊಡ್ಡಮ್ಮ ಬೆರಳು ಮಡಚಿ ಲೆಕ್ಕ ಹಾಕುತ್ತಾರೆ. "ನಂದಾದ್ಮೇಲೆ ಬೇರೆಯವ್ರು ಕಾಯ್ತಿರ್ತಾರೆ ಅಲ್ವಾ? ಹಾಗಾದ್ರೆ ತಡ ಮಾಡೋ ಹಾಗಿಲ್ಲ" ಎಂದು, ಅಕ್ಕನ ಭುಜಕ್ಕೆ ಕೈ ಚಾಚುತ್ತಾರೆ.

ಮಂಚದಿಂದ ಕುರ್ಚಿಗೆ ಇಳಿಯುವಾಗ ನೋವಿಗೆ ಅವರ ಕಣ್ಣಂಚು ಒದ್ದೆಯಾಗುತ್ತದೆ. ಅಕ್ಕನ ಕಣ್ಣು ಮೊದಲೇ ಒದ್ದೆಯಾಗಿದೆ. ಹೊಸ್ತಿಲು ದಾಟಿ ಗೇಟಿನ ತನಕ ಹೋಗಿ ಕುರ್ಚಿ ನಿಲ್ಲುತ್ತದೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ದೊಡ್ಡಮ್ಮ ಬೀದಿಯನ್ನು ಈ ತುದಿಯಿಂದ ಆ ತುದಿಗೆ ನೋಡುತ್ತಾರೆ. ಎದುರು ಮನೆಯವರು ಬಣ್ಣ ಬದಲಿಸಿದ್ದು ತನಗೆ ಯಾರೂ ಹೇಳಲಿಲ್ಲವೆಂದು ಅಲ್ಲೇ ತಕರಾರು ತೆಗೆಯುತ್ತಾರೆ. ಆ ಮನೆಯಾಕೆ ಓಡಿ ಬಂದು ಕೈ ಹಿಡಿದುಕೊಳ್ಳುತ್ತಾರೆ. ಮಾತು ಸಾಗುತ್ತದೆ. ಆ ಸಾಲು ಯಾರದ್ದೆಂದು ದೊಡ್ಡಮ್ಮ ಕೇಳುವುದಿಲ್ಲ, ಅಕ್ಕ ಹೇಳುವುದೂ ಇಲ್ಲ.

ಹೊರಡುವ ಮುಂಚೆ ಅಕ್ಕನನ್ನು ಪಕ್ಕಕ್ಕೆ ಕರೆದು ಕೇಳುತ್ತೇನೆ, ಇಷ್ಟು ವರ್ಷ ಊರಿಗೆಲ್ಲ ಸಾಲು ಬರೆದುಕೊಟ್ಟಿದ್ದೀರಿ, ನಿಮಗೇನಾದರೂ ಆಸೆ ಇದೆಯೇ? ಹೆಸರು, ಸನ್ಮಾನ, ಅಂಥದ್ದೇನಾದರೂ ಹೇಳುತ್ತಾರೇನೋ ಎಂದು ಕಾಯುತ್ತೇನೆ. ಅಕ್ಕ ಗೇಟಿನ ಕಡೆಗೇ ನೋಡುತ್ತಿದ್ದಾರೆ.

"ಈ ಕುರ್ಚಿ ವಾಪಸ್ ಕೊಡೋ ದಿನ ದೊಡ್ಡಮ್ಮನೇ ಹಿಂದೆ ನಿಂತು ತಳ್ಕೊಂಡು ಹೋಗ್ಬೇಕು" ಎನ್ನುತ್ತಾರೆ. "ಕುರ್ಚಿ ಖಾಲಿ ಇರ್ಬೇಕು. ಅಷ್ಟೇ."