ಹೂಜಿಯ ಬಾಗಿಲು

ಕಾಲ್ಡರ್ ಕಣಿವೆಯ ಅರವತ್ತೊಂದು ಪಬ್ಬುಗಳ ಹೊಸ್ತಿಲನ್ನು ಎನಿಡ್ ಬ್ರಾಡ್‌ಬೆಂಟ್ ಟೇಪು ಹಿಡಿದು ಅಳೆದಿದ್ದಳು. ಅಳೆಯದೆ ಉಳಿದದ್ದು ಅವಳದೇ ಬೀದಿಯ ಪಬ್ಬು ಒಂದೇ.

ನಲವತ್ತು ವರ್ಷ ನೇಯ್ಗೆಯ ಗಿರಣಿಯಲ್ಲಿ ನಿಂತು ದುಡಿದ ಕಾಲುಗಳು ಎಪ್ಪತ್ತರ ಹತ್ತಿರ ಸೋತು, ಮನೆಗೆ ಗಾಲಿಕುರ್ಚಿ ಬಂದಿತು. ಕೂತು ಗೋಡೆ ನೋಡುವ ಜಾಯಮಾನ ಅವಳದಲ್ಲ. ಪಕ್ಕದ ಮನೆಯ ಹೆಡ್ಲಿ, ನಿವೃತ್ತ ಬಸ್ ಚಾಲಕ, ಪ್ರತಿ ಮಂಗಳವಾರ ಮಧ್ಯಾಹ್ನ ಅವಳ ಕುರ್ಚಿ ತಳ್ಳಿಕೊಂಡು ಹೊರಡುತ್ತಿದ್ದ. ಬಿಯರಿನ ರುಚಿ ನೋಡುವುದು ಅವನ ಪಾಲು. ಬಾಗಿಲ ಅಗಲ, ಮೆಟ್ಟಿಲ ಎತ್ತರ, ಶೌಚಾಲಯ, ಒಳಗಿನ ವಾತಾವರಣ ಇವನ್ನು ಬರೆದುಕೊಳ್ಳುವುದು ಅವಳ ಪಾಲು. ಊರಿನ ಬಿಯರ್ ಪ್ರಿಯರ ಸಂಘದ ಪತ್ರಿಕೆಯಲ್ಲಿ ಅದು ಅಚ್ಚಾಗುತ್ತಿತ್ತು. ಅಂಗವಿಕಲರ ಶೌಚಾಲಯದಲ್ಲಿ ಕ್ರಿಸ್‌ಮಸ್ ಮರವನ್ನೂ ಮುರಿದ ಸ್ಟೂಲುಗಳನ್ನೂ ತುಂಬಿಟ್ಟವರನ್ನು ಅವಳು ಸುಮ್ಮನೆ ಬಿಟ್ಟವಳಲ್ಲ. ಕೇಳುವ ಮೊದಲೇ ಮೇಜಿನ ಬಳಿ ಜಾಗ ಮಾಡಿಕೊಟ್ಟವರನ್ನು ಮರೆತವಳೂ ಅಲ್ಲ. ‘ಇಲ್ಲಿ ನನ್ನೊಡನೆ ಮಾತನಾಡಿದರು, ಕುರ್ಚಿ ತಳ್ಳುವವನೊಡನೆ ಅಲ್ಲ’ ಎಂದು ಬರೆದಳೆಂದರೆ, ಅದಕ್ಕಿಂತ ದೊಡ್ಡ ಬಿರುದು ಅವಳ ಬಳಿ ಇರಲಿಲ್ಲ.

ಅವಳ ಟಿಪ್ಪಣಿ ಪುಸ್ತಕದಲ್ಲಿ ತನ್ನದೇ ಬೀದಿಯ ‘ಓಲ್ಡ್ ಶಟಲ್’ ಪಬ್ಬಿನ ಪುಟ ಮಾತ್ರ ಖಾಲಿ. ಅವಳ ಮದುವೆಯ ಊಟ ನಡೆದದ್ದು ಅಲ್ಲಿ. ಗಂಡ ಸೆಲ್ವಿನ್‌ನನ್ನು ಮಣ್ಣು ಮಾಡಿ ಬಂದ ದಿನ ನೆಂಟರಿಗೆ ಹ್ಯಾಮ್ ಸ್ಯಾಂಡ್‌ವಿಚ್ ಹಂಚಿದ್ದೂ ಅಲ್ಲಿಯೇ. ಅದರ ಬೆಂಕಿಗೂಡಿನ ಪಕ್ಕ ಇನ್ನೊಮ್ಮೆ ಕೂರಬೇಕೆಂಬುದೊಂದೇ ಅವಳ ಆಸೆ. ಆದರೆ ಮುಂದೆ ಕಡಿದಾದ ನಾಲ್ಕು ಕಲ್ಲಿನ ಮೆಟ್ಟಿಲು. ಸಂರಕ್ಷಿತ ಹಳೆಯ ಕಟ್ಟಡವಾದ್ದರಿಂದ ಅವನ್ನು ಮುಟ್ಟುವಂತಿಲ್ಲ. ಪಬ್ಬಿನ ಯಜಮಾನ ಕ್ಲೈವ್ ಒಳ್ಳೆಯವನೇ. ನಾಲ್ಕು ಜನ ಸೇರಿ ಎತ್ತಿಕೊಂಡು ಹೋಗುತ್ತೇವೆಂದು ಕಂಡಾಗಲೆಲ್ಲ ಹೇಳುತ್ತಿದ್ದ.

“ನಾನೇನು ಪಿಯಾನೋನೇನಯ್ಯಾ?” ಎನ್ನುತ್ತಿದ್ದಳು ಎನಿಡ್. “ಸತ್ಮೇಲೆ ಹೊರೋದು ಇದ್ದೇ ಇದೆ, ಈಗ್ಲೇ ಯಾಕೆ ಅವಸರ?”

ಹೀಗೆ ಮೂರು ವರ್ಷ ಕಳೆಯಿತು. ಅಕ್ಟೋಬರಿನ ಒಂದು ಮಂಗಳವಾರ ರಸ್ತೆ ಅಗೆದಿದ್ದರಿಂದ ಇಬ್ಬರೂ ಗುಡ್ಡದ ಮೇಲ್ಬದಿಯ ಹಿಂದಿನ ಓಣಿಯಲ್ಲಿ ಮನೆಗೆ ಹೊರಟಿದ್ದರು. ಓಲ್ಡ್ ಶಟಲ್‌ನ ಹಿಂಗೋಡೆಯ ಬಳಿ ಗಾಲಿ ಕಲ್ಲಿನ ಸಂದಿಗೆ ಸಿಕ್ಕಿಕೊಂಡಿತು. ಹೆಡ್ಲಿ ಅದನ್ನು ಬಿಡಿಸುವಷ್ಟರಲ್ಲಿ ಎನಿಡ್‌ಗೆ ಗೋಡೆಯದೇ ಬಣ್ಣ ಬಳಿದ, ಹಲಗೆ ಜಡಿದ ಒಂದು ಬಾಗಿಲು ಕಂಡಿತು. ಅದರ ಹೊಸ್ತಿಲು ಸವೆದು ಓಣಿಯ ನೆಲಕ್ಕೆ ಸಮವಾಗಿತ್ತು.

“ಹೆಡ್ಲಿ, ಇಲ್ಲಿ ಮೆಟ್ಟಿಲಿಲ್ಲ.”

“ಐವತ್ತು ವರ್ಷ ಇಲ್ಲಿ ಕುಡ್ದಿದೀನಿ ಮಾರಾಯ್ತಿ. ಈ ಕಡೆ ಬಾಗಿಲೇ ಇಲ್ಲ.”

“ಗಂಡಸ್ರಿಗೆ ಇಲ್ಲ ಕಣೋ. ನಮ್ಮಜ್ಜಿ ಹೂಜಿ ಹಿಡ್ಕೊಂಡು ಬರ್ತಿದ್ದದ್ದು ಇಲ್ಲಿಗೇ.”

ಆ ಕಾಲದ ಮರ್ಯಾದಸ್ಥ ಹೆಂಗಸರು ಒಳಗೆ ಕೂತು ಕುಡಿಯುತ್ತಿರಲಿಲ್ಲ. ಅಜ್ಜಿ ಹೆಪ್ಸಿಬಾ ಈ ಬಾಗಿಲಲ್ಲಿ ಬಿಯರ್ ತುಂಬಿಸಿಕೊಂಡು ಮನೆಗೆ ಒಯ್ಯುತ್ತಿದ್ದಳು. ಹೂಜಿಯ ಬಾಯಿಗೆ ಮುಚ್ಚುವ ಮಣಿ ಹೊಲಿದ ಬಟ್ಟೆ ಪುಟ್ಟ ಎನಿಡ್‌ಳ ಕೈಯಲ್ಲಿರುತ್ತಿತ್ತು. ಬಾಗಿಲು ಮುಚ್ಚಿ ಬಣ್ಣ ಬಳಿದ ಮೇಲೆ ಅವಳೂ ಅದನ್ನು ಮರೆತಿದ್ದಳು. ತುಂಬಿದ ಹೂಜಿ ತುಳುಕಬಾರದೆಂದೇ ಆ ಬಾಗಿಲಿಗೆ ಮೆಟ್ಟಿಲು ಇಟ್ಟಿರಲಿಲ್ಲ.

ಕ್ಲೈವ್ ಮೊದಲು ನಂಬಲಿಲ್ಲ. ಒಳಗೆ ಹೋಗಿ ನೋಡಿದರೆ, ಡಾಮಿನೋ ಆಡುವ ಮುದುಕರ ಎತ್ತರದ ಬೆನ್ನಿನ ಬೆಂಚಿನ ಹಿಂದೆ ಚಿಲಕ ಸಿಕ್ಕಿತು. ಎನಿಡ್‌ಳನ್ನು ಹೇಗೆ ಎತ್ತುವುದೆಂದು ಮೂರು ವರ್ಷ ಚರ್ಚಿಸಿದವರು ಆ ಬಾಗಿಲಿಗೇ ಬೆನ್ನು ಕೊಟ್ಟು ಕೂತಿದ್ದರು. ಊರಿನ ಹೆಂಗಸರನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಬೆಂಚು ಸರಿಸಿದರೆ ಚಳಿಗಾಳಿ ನುಗ್ಗುತ್ತದೆಂದು ಮುದುಕರು ಒಂದು ವಾರ ಗೊಣಗಿದರು. ಆಮೇಲೆ ಬೆಂಚು ಸರಿಸಿ, ಬಾಗಿಲ ಹಲಗೆಯ ಮೊಳೆ ಕಿತ್ತವರೂ ಅವರೇ.

ಅದರ ಮುಂದಿನ ಮಂಗಳವಾರ ಎನಿಡ್ ಟೇಪು ಹಿಡಿದಳು. ಬಾಗಿಲು ಮೂವತ್ತೆರಡು ಇಂಚು, ಕುರ್ಚಿ ಇಪ್ಪತ್ತಾರು. ಹೆಡ್ಲಿ ಕುರ್ಚಿಯಿಂದ ಕೈ ತೆಗೆದ. ಅವಳೇ ಗಾಲಿ ಉರುಳಿಸಿಕೊಂಡು ಒಳಗೆ ಹೋದಳು. ಬೆಂಕಿಗೂಡಿನ ಪಕ್ಕ ಸೆಲ್ವಿನ್ ಕೂರುತ್ತಿದ್ದ ಕಡೆ ಒಂದು ಗಾಲಿಕುರ್ಚಿಯಷ್ಟು ಜಾಗ ಖಾಲಿಯಿತ್ತು. ಡಾಮಿನೋದವರು ತಲೆಯೆತ್ತದೆ ಆಟ ಮುಂದುವರಿಸಿದರು.

“ಏನ್ ಕೊಡ್ಲಿ, ಎನಿಡ್?” ಎಂದ ಕ್ಲೈವ್, ಅವಳ ಮುಖ ನೋಡಿಯೇ.

ಎನಿಡ್ ಬೆಂಕಿಯ ಕಡೆ ಕೈ ಚಾಚಿ ಕಾಯಿಸಿಕೊಂಡಳು. ಆಮೇಲೆ, ಅರ್ಧ ಬೇಡ, ಪೂರ್ತಿ ಪೈಂಟೇ ಕೊಡು ಎಂದಳು.

ಆ ಸಂಜೆ ಖಾಲಿ ಪುಟ ತುಂಬಿತು. ‘ಹಿಂದಿನ ಓಣಿಯಿಂದ ಬನ್ನಿ, ಮೆಟ್ಟಿಲಿಲ್ಲ. ಶೌಚಾಲಯ ಕುರ್ಚಿಗೆ ಸಾಲದು, ಕ್ಲೈವ್‌ಗೆ ಹೇಳಿದ್ದೇನೆ. ಬೆಂಕಿ ಚೆನ್ನಾಗಿದೆ. ನನಗೆ ಜಾಗ ಇಟ್ಟಿದ್ದರು.’ ಕೊನೆಗೆ ಇನ್ನೊಂದು ಸಾಲು ಸೇರಿಸಿದಳು: ‘ದಾರಿ ತೋರಿಸಿದ್ದು ಅಜ್ಜಿ ಹೆಪ್ಸಿಬಾ. ಅವಳು ಒಂದು ದಿನವೂ ಒಳಗೆ ಕೂತವಳಲ್ಲ.’