ಹಗ್ಗ ಒಪ್ಪಿಸಿದ ಮೇಲೆ

ಕುದುರೆ ಲಾಯದಲ್ಲಿ ದಿನ ಶುರುವಾಗುವುದು ಕತ್ತಲಿರುವಾಗಲೇ. ನೀರು, ಹುರುಳಿ, ಲದ್ದಿ ಎತ್ತುವುದು, ಮಾಲೀಸು, ಆಮೇಲೆ ಬಯಲಿಗೆ ಬಿಡುವುದು. ಇದರಲ್ಲಿ ಹಿಂದುಮುಂದಾದರೆ ಕುದುರೆಗೆ ಹೊಟ್ಟೆನೋವು ಬರುತ್ತದೆ. ಹೊಟ್ಟೆನೋವಿನಿಂದ ಕುದುರೆ ಸತ್ತಿದ್ದನ್ನು ನಾನು ನೋಡಿದ್ದೇನೆ. ಕ್ರಮ ತಪ್ಪಿಸುವವನನ್ನು ನಾನು ಲಾಯದಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ.

ನಮ್ಮದು ಕುಣಿಗಲ್ ಊರಿನ ಹಳೆಯ ದೊಡ್ಡ ಫಾರಂ ಅಲ್ಲ. ಅಲ್ಲಿಂದ ಸ್ವಲ್ಪ ದೂರದಲ್ಲಿ ಬೆಂಗಳೂರಿನ ಯಜಮಾನರೊಬ್ಬರು ಮಾಡಿಕೊಂಡಿದ್ದ ಸಣ್ಣ ಫಾರಂ. ರೇಸಿಗಾಗಿ ಕುದುರೆ ಮರಿ ಬೆಳೆಸುವುದು ಅಲ್ಲಿಯ ಕಸುಬು. ಎಪ್ಪತ್ತರ ದಶಕದಲ್ಲಿ ನಾನು ಅಲ್ಲಿ ಜಮಾದಾರ, ಅಂದರೆ ಕುದುರೆ ನೋಡಿಕೊಳ್ಳುವ ಸೈಸರ ಮೇಲಿನವ.

ಸೈಸರೆಲ್ಲ ನಾಲ್ಕು ಮನೆಯವರು. ಒಬ್ಬನ ಜಾಗ ಖಾಲಿಯಾದರೆ ಅವನ ಮಗ ಬರಬೇಕು, ಮಗನಿಲ್ಲದಿದ್ದರೆ ತಮ್ಮ, ತಮ್ಮನೂ ಇಲ್ಲದಿದ್ದರೆ ಅಳಿಯ. ಯಾರೂ ಬರೆದಿಟ್ಟಿದ್ದ ನಿಯಮವಲ್ಲ, ಆದರೆ ಮ್ಯಾನೇಜರು ಕೂಡ ಅದನ್ನು ಮೀರಿದ್ದನ್ನು ನಾನು ಕಂಡಿರಲಿಲ್ಲ. ನಾನೂ ಆ ನಾಲ್ಕರಲ್ಲಿ ಒಂದು ಮನೆಯವನೇ. ನನ್ನ ತಂದೆಯ ಜಾಗಕ್ಕೆ ನಾನು ಬಂದದ್ದೂ ಹಾಗೆಯೇ.

ನನ್ನ ತಂಗಿಯ ಗಂಡ ಗುಬ್ಬಿಯವನು. ಅವನ ತಂದೆ ಗುಬ್ಬಿ ರೈಲ್ವೆ ಸ್ಟೇಷನ್ನಿನಲ್ಲಿ ಜಟಕಾ ಓಡಿಸುತ್ತಿದ್ದರು. ಕುದುರೆಯ ಕಿವಿ ಯಾವ ಕಡೆ ತಿರುಗಿದರೆ ಏನರ್ಥ ಎಂದು ಅವನು ನಡೆಯಲು ಕಲಿಯುವಾಗಲೇ ಕಲಿತಿದ್ದ. ಮದುವೆಯಾದ ಮೇಲೆ ನಮ್ಮ ಮನೆಯ ಅಳಿಯನೆಂಬ ಲೆಕ್ಕದಲ್ಲಿ ಲಾಯಕ್ಕೆ ಸೇರಿದ. ಉಳಿದ ಮೂರು ಮನೆಯವರು ಅವನನ್ನು ಹೆಸರು ಹಿಡಿದು ಕರೆಯಲೇ ಇಲ್ಲ, ಅವರ ಬಾಯಲ್ಲಿ ಅವನು ಯಾವಾಗಲೂ ‘ಗುಬ್ಬಿಯೋನು’. ಕಚ್ಚುವ ಕುದುರೆ, ಒದೆಯುವ ಕುದುರೆ ಏನೇ ಬಂದರೂ ಮೊದಲು ಅವನ ಪಾಲಿಗೆ. ಅಂಥದ್ದೊಂದು ಕಂದು ಬಣ್ಣದ ಹೆಣ್ಣು ಕುದುರೆ ಅವನ ಕೈಯಲ್ಲಿ ಪಳಗಿ, ಫಾರಮ್ಮಿನಲ್ಲೇ ಒಳ್ಳೆಯ ಮರಿ ಹಾಕುವ ತಾಯಿಯಾಯಿತು.

ಒಂದು ವರ್ಷ ಐರ್ಲೆಂಡಿನಿಂದ ಗಂಡು ಕುದುರೆಯೊಂದು ವಿಮಾನದಲ್ಲಿ ಬಂತು. ಅದು ಇಲ್ಲಿಯ ನೀರು ಮೇವಿಗೆ ಹೊಂದಿಕೊಳ್ಳುವವರೆಗೆ ನೋಡಿಕೊಳ್ಳಲು ಆ ದೇಶದ ಸೈಸನೊಬ್ಬನೂ ಜೊತೆಗೆ ಬಂದ. ಕೆಂಪು ಮುಖ, ಸವೆದ ಬೂಟು, ಸದಾ ಸಿಳ್ಳೆ. ಬಂದ ಮಾರನೆಯ ದಿನವೇ ಸಲಿಕೆ ಹಿಡಿದು ಲಾಯಕ್ಕಿಳಿದ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಸೈಸ ಬೀಡಿ ಕೈಯಲ್ಲೇ ಹಿಡಿದು ನಿಂತುಬಿಟ್ಟ.

“ಏನ್ಲಾ ಇದು, ದೊರೇನೇ ಲದ್ದಿ ಎತ್ತವ್ನೆ! ಇನ್ ನಮ್ಗೇನ್ ಕೆಲ್ಸ ಮಡಗ್ತಾನೆ?”

ಒಂದು ಮಧ್ಯಾಹ್ನ ಹುರುಳಿ ಗೋದಾಮಿನ ಮುಂದೆ ಎಲ್ಲರೂ ಕೂತಿದ್ದೆವು. ಮ್ಯಾನೇಜರಿಗೆ ಇಂಗ್ಲಿಷ್ ಬರುತ್ತಿತ್ತು. ಅವರ ಬಾಯಿಯ ಮೂಲಕ ನಾವು ಆ ಐರಿಷ್ ಸೈಸನ ಕಥೆ ಕೇಳಿದೆವು. ಅವನು ತನ್ನ ದೇಶ ಬಿಟ್ಟು ಫ್ರಾನ್ಸಿನಲ್ಲಿ ಕೆಲಸ ಮಾಡಿದ್ದ, ಜರ್ಮನಿಯಲ್ಲೂ ಮಾಡಿದ್ದ.

“ಯಾರ್ ಕರೆಸ್ಕೊಂಡ್ರಂತೆ ಸಾರ್?” ಎಂದು ತಂಗಿಯ ಗಂಡ ಕೇಳಿದ.

“ಯಾರೂ ಕರೆಸ್ಲಿಲ್ವಂತೆ. ರೈಲ್ ಹತ್ತಿ ಹೋದೆ, ಲಾಯದ್ ಬಾಗ್ಲಲ್ಲಿ ನಿಂತು ಕೆಲ್ಸ ಇದೆಯಾ ಅಂದೆ ಅಂತಾನೆ.”

“ಅಲ್ಲಿನ ಸೈಸ್‌ಗಳು ಸುಮ್ನೆ ಬಿಟ್ರಂತಾ?”

ಮ್ಯಾನೇಜರು ಕೇಳಿದರು. ಐರಿಷ್ ಸೈಸ ಜೋರಾಗಿ ನಕ್ಕ. ಮೊದಲು ತನ್ನ ಮಾತನ್ನು ಅಣಕಿಸಿದರಂತೆ, ಕೆಟ್ಟ ಕುದುರೆ ಕೊಟ್ಟರಂತೆ, ಆಮೇಲೆ ಒಟ್ಟಿಗೆ ಕುಡಿಯಲು ಕರೆದುಕೊಂಡು ಹೋದರಂತೆ. ಯುರೋಪಿನ ಕೆಲವು ದೇಶಗಳು ಸೇರಿ ಒಂದು ಕೂಟ ಮಾಡಿಕೊಂಡಿವೆ, ಅದರಲ್ಲಿ ಒಂದು ದೇಶದ ಕೆಲಸಗಾರ ಇನ್ನೊಂದು ದೇಶಕ್ಕೆ ಹೋಗಿ ದುಡಿಯಬಹುದು, ಅಲ್ಲಿಯವನಿಗೆ ಕೊಡುವ ಸಂಬಳವನ್ನೇ ಇವನಿಗೂ ಕೊಡಬೇಕು ಎಂದು ಮ್ಯಾನೇಜರು ಬಿಡಿಸಿ ಹೇಳಿದರು.

ಹಿರಿಯ ಸೈಸ ನನ್ನ ತಂಗಿಯ ಗಂಡನ ಬೆನ್ನಿಗೆ ಗುದ್ದಿದ. “ಗುಬ್ಬಿಯಿಂದ ಕುಣಿಗಲ್‌ಗೆ ಬರಾಕೇ ಇವ್ನು ಒಂದ್ ಮದ್ವೆ ಆಗ್ಬೇಕಾಯ್ತು. ಫ್ರಾನ್ಸಿಗ್ ಹೋಗಾಕೆ ಇನ್ನೆಷ್ಟ್ ಮದ್ವೆ ಆಗ್ಬೇಕೋ!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ತಂಗಿಯ ಗಂಡನೂ ನಕ್ಕ. ಅವನ ನಗು ಬೇಗ ನಿಂತಿತು.

ನನಗೆ ಆ ವ್ಯವಸ್ಥೆ ಬಹಳ ಹಿಡಿಸಿತು. ಕುದುರೆಗೆ ತನ್ನ ಮೈ ಉಜ್ಜುವವನ ಮನೆತನ ಬೇಕಿಲ್ಲ. ಕೈ ಗಟ್ಟಿಯಿರಬೇಕು, ಹೊತ್ತಿಗೆ ಸರಿಯಾಗಿ ಬರಬೇಕು, ಅಷ್ಟೆ. ಮುಂದೆ ಜಾಗ ಖಾಲಿಯಾದರೆ ಯಾವ ಊರಿನವನಾದರೂ ಸರಿ, ಕೆಲಸ ನೋಡಿ ತೆಗೆದುಕೊಳ್ಳೋಣ ಎಂದು ಮ್ಯಾನೇಜರಿಗೆ ಹೇಳಿದೆ. ಯಜಮಾನರೂ ಒಪ್ಪಿದರು. ಹಿರಿಯ ಸೈಸ ಮಾತ್ರ ನನ್ನ ಮನೆಯ ಬಾಗಿಲಿಗೇ ಬಂದ.

“ಜಮಾದಾರ್ರೇ, ನಿಮ್ ಮಕ್ಳು ಸ್ಕೂಲಿಗ್ ಹೋಯ್ತವೆ. ನಾಳೆ ಎಲ್ಲಾದ್ರೂ ಕುರ್ಚಿ ಸಿಕ್ತದೆ. ನಮ್ ಮಕ್ಳು ಕುದ್ರೆ ಬುಟ್ರೆ ಎಲ್ಲಿಗ್ ಹೋಗಾನ?”

“ಬೇರೆ ಫಾರಮ್ಮಿಗೆ ಹೋಗ್ಲಿ. ಬೆಂಗಳೂರಿಗೆ ಹೋಗ್ಲಿ. ಅಲ್ಲೂ ಕುದುರೆ ಇಲ್ವಾ?”

“ಅಲ್ಲಿನೋರು ಬಾಗ್ಲು ತೆಗೀಬೇಕಲ್ಲ. ನೀವೊಬ್ರು ತೆಗ್ದ್ರೆ ಸಾಕಾ?”

ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಈಗ ನೆನಪಿಲ್ಲ. ಏನೋ ಗಟ್ಟಿಯಾಗಿಯೇ ಹೇಳಿರುತ್ತೇನೆ.

ಐರಿಷ್ ಸೈಸ ಹೊರಡುವ ಮುಂಚೆ ತಂಗಿಯ ಗಂಡನ ಕೆಲಸವನ್ನು ಬಹಳ ಮೆಚ್ಚಿಕೊಂಡಿದ್ದ. ನಮ್ಮ ದೇಶದಲ್ಲಿ ಮರಿ ಹಾಕುವ ಹಂಗಾಮಿನಲ್ಲಿ ಯಾವಾಗಲೂ ಕೈ ಸಾಲದು, ನೀನು ಬಾ, ನನ್ನ ಯಜಮಾನ ಖಂಡಿತ ಇಟ್ಟುಕೊಳ್ಳುತ್ತಾನೆ ಎಂದ. ಬಾಯಿಮಾತೆಂದು ನಾವು ತಿಳಿದೆವು. ಕೆಲವು ತಿಂಗಳ ನಂತರ ಆ ಯಜಮಾನನೇ ಬರೆಸಿ ಕಳಿಸಿದ: ಬಂದರೆ ಕೆಲಸವುಂಟು.

ತಂಗಿ ಮೊದಲು ಅತ್ತಳು, ಆಮೇಲೆ ಒಪ್ಪಿದಳು. ಪಾಸ್‌ಪೋರ್ಟಿಗಾಗಿ ಅವನು ತುಮಕೂರಿಗೆ ಅಲೆದ, ಬೆಂಗಳೂರಿಗೆ ಅಲೆದ. ಅದು ಬಂದಾಗ ನಮ್ಮಲ್ಲೂ ಮರಿ ಹಾಕುವ ಹಂಗಾಮು ಹತ್ತಿರವಾಗಿತ್ತು. ಉದ್ದನೆಯ ರಜ ಕೊಡಲು ಬರುವುದಿಲ್ಲ, ಕುದುರೆ ಕಾಯುವುದಿಲ್ಲ ಎಂದು ಮ್ಯಾನೇಜರು ಹೇಳಿದರು. ಅದು ನ್ಯಾಯವಾದ ಮಾತು. ಅವನು ಕೆಲಸಕ್ಕೆ ರಾಜೀನಾಮೆ ಕೊಟ್ಟ, ಫಾರಮ್ಮಿನ ಕ್ವಾರ್ಟರ್ಸೂ ಬಿಟ್ಟುಕೊಟ್ಟ. ತಂಗಿ ಮಕ್ಕಳ ಜೊತೆ ನನ್ನ ಮನೆಗೆ ಬಂದಳು.

ಅವನ ಜಾಗಕ್ಕೆ ಪೂನಾ ಕಡೆಯಿಂದ ಒಬ್ಬ ಬಂದ. ಹುಟ್ಟೂರು ರಾಜಸ್ಥಾನವಂತೆ. ಆ ಕೆಲಸ ಕೇಳಿಕೊಂಡು ಮೂರ್ನಾಲ್ಕು ಮಂದಿ ಬಂದಿದ್ದರು. ಕಂದು ಕುದುರೆಯ ಮುಂದೆ ಒಬ್ಬೊಬ್ಬರನ್ನೇ ನಿಲ್ಲಿಸಿ ನೋಡಿ ನಾನೇ ಇವನನ್ನು ಆರಿಸಿದೆ. ಹೆಂಡತಿ ಮಕ್ಕಳನ್ನೂ ಕರೆತಂದಿದ್ದ. ಮನೆತನ ನೋಡದೆ ನಾವು ತೆಗೆದುಕೊಂಡ ಮೊದಲ ಮನುಷ್ಯ ಅವನು.

ನಮ್ಮ ಲಾಯದಲ್ಲಿ ಒಂದು ಪದ್ಧತಿ ಇತ್ತು. ಬಿಟ್ಟುಹೋಗುವ ಸೈಸ ತನ್ನ ಕುದುರೆಯ ಹಗ್ಗವನ್ನು ಹೊಸಬನ ಕೈಗೆ ತಾನೇ ಕೊಡಬೇಕು. ಕುದುರೆ ಅದನ್ನು ನೋಡಬೇಕು. ಕೊಟ್ಟ ಮೇಲೆ ಹಳಬ ಆ ಕುದುರೆಯನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಕುದುರೆ ಇಬ್ಬರ ಮಾತನ್ನೂ ಕೇಳದೆ ಕೆಡುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ತಂಗಿಯ ಗಂಡ ಹಗ್ಗ ಕೊಟ್ಟ, ಬೆಲ್ಲದ ಚೂರೊಂದನ್ನೂ ಪೂನಾದವನ ಅಂಗೈಯಲ್ಲಿಟ್ಟ. ಕುದುರೆ ಆ ಕೈಯಿಂದ ಬೆಲ್ಲ ತಿಂದಿತು. ಅವನು ತಿರುಗಿ ನೋಡದೆ ಹೊರಟ.

ಅವನು ದೆಹಲಿಯಿಂದ ಮುಂದೆ ಹೋಗಲಿಲ್ಲ. ಅಲ್ಲಿಯ ಐರ್ಲೆಂಡಿನ ರಾಯಭಾರ ಕಚೇರಿಯಲ್ಲಿ ಅವನನ್ನು ಕೂರಿಸಿ, ಮರ್ಯಾದೆಯಿಂದಲೇ ಹೇಳಿದರಂತೆ. ಹೊರಗಿನ ಕೆಲಸಗಾರ ಬೇಕಾದರೆ ಅಲ್ಲಿಯ ಯಜಮಾನ ಮೊದಲು ಪರ್ಮಿಟ್ ಪಡೆಯಬೇಕು. ಅದು ಸಿಗಬೇಕಾದರೆ ಆ ಕೆಲಸಕ್ಕೆ ತಮ್ಮ ದೇಶದವರೂ ಇಲ್ಲ, ಕೂಟದ ಬೇರೆ ದೇಶದವರೂ ಇಲ್ಲ ಎಂದು ತೋರಿಸಬೇಕು. ಕುದುರೆ ಮೈ ಉಜ್ಜುವವರು ಅಲ್ಲಿ ಬೇಕಾದಷ್ಟು ಜನ ಇದ್ದರು.

ಐರಿಷ್ ಸೈಸ ಸುಳ್ಳು ಹೇಳಿದವನಲ್ಲ. ಅವನು ಜೀವಮಾನದಲ್ಲಿ ಯಾವ ಪರ್ಮಿಟ್ಟನ್ನೂ ಕೇಳಿದವನಲ್ಲ. ಅಂಥದ್ದೊಂದು ಬೇಕಾಗುತ್ತದೆಂಬುದೇ ಅವನಿಗೆ ಹೊಳೆದಿರಲಿಲ್ಲ. ಅವನು ಹೇಳಿದ ತೆರೆದ ಬಾಗಿಲು ಆ ಮನೆಯ ಕೋಣೆಗಳ ನಡುವಿನದು. ಬೀದಿಯ ಬಾಗಿಲು ಬೇರೆಯೇ ಇತ್ತು. ನಮ್ಮಲ್ಲಿ ಯಾರೂ, ಮ್ಯಾನೇಜರೂ ಸೇರಿ, ಅದನ್ನು ಕೇಳಲಿಲ್ಲ.

ತಂಗಿಯ ಗಂಡ ದೆಹಲಿಯಿಂದ ಹಿಂದಿರುಗಿದ ಸಂಜೆ ಹಿರಿಯ ಸೈಸ ನನ್ನ ಮನೆಗೆ ಬಂದ. ತಂಗಿಯ ಗಂಡ ಗೋಡೆಗೆ ಒರಗಿ ಕೂತಿದ್ದ. ತಂಗಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು.

“ಆ ಪೂನಾದೋನ್ನ ಕಳ್ಸುಬುಡಿ ಜಮಾದಾರ್ರೇ,” ಎಂದ ಹಿರಿಯ ಸೈಸ. “ಎಷ್ಟಾದ್ರೂ ಇವ್ನು ನಮ್ಮೋನು.”

“ಇವ್ನು ಯಾವತ್ತಿಂದ ನಿಮ್ಮೋನಾದ? ನಿನ್ನೆವರ್ಗೂ ಗುಬ್ಬಿಯೋನಾಗಿದ್ದ.”

“ಆಗ ಹೊರಗಿನೋನು ಇವ್ನೊಬ್ನೇ ಇದ್ದ. ಈಗ ಇನ್ನೂ ಹೊರಗಿನೋನು ಬಂದವ್ನಲ್ಲ,” ಎಂದು ನಗದೆಯೇ ಹೇಳಿದ.

ತಂಗಿಯ ಗಂಡ ತಲೆ ಎತ್ತಿದ. “ಭಾವ, ಅವ್ನಿಗೆ ಈ ಊರು ಏನೂ ಅಲ್ಲ. ನಾಳೆ ಇನ್ನೊಂದ್ ಕಡೆ ಸಿಕ್ರೆ ಹೋಯ್ತಾನೆ. ನನ್ಗೆ ಇದ್ ಬಿಟ್ರೆ ಬೇರೆ ಲಾಯ ಇಲ್ಲ.”

“ಹಗ್ಗ ನೀನೇ ಕೊಟ್ಟೆ ಕಣಪ್ಪಾ.”

“ಕೊಟ್ಟೆ. ವಿಮಾನ ಹತ್ತೀನಿ ಅನ್ಕೊಂಡ್ ಕೊಟ್ಟೆ.”

ತಂಗಿ ಅಲ್ಲಿಂದಲೇ ಹೇಳಿದಳು: “ಅಣ್ಣಾ, ದೆಲ್ಲೀಲಿ ಇವ್ರನ್ನ ಹೊರಗಿನೋನು ಅಂದ್ರು, ತಿರುಗ್ ಬಂದ್ರು. ಇಲ್ಲಿ ನೀನು ಹೊರಗಿನೋನ್ನ ಒಳಗಿಟ್ಕೊಂಡು ಇವ್ರನ್ನ ಹೊರಗಿಡ್ತೀಯಾ? ಯಾವ್ ಊರ್ ನ್ಯಾಯ ಇದು?”

ಬೇರೆ ಜಾಗ ಖಾಲಿ ಇರಲಿಲ್ಲ. ದೆಹಲಿಯ ಸುದ್ದಿ ಬಂದಾಗಲೇ ಹೊಸ ಜಾಗವೊಂದನ್ನು ಕೇಳಿದ್ದೆ, ಯಜಮಾನರು ಒಪ್ಪಿರಲಿಲ್ಲ. ಬೆಳಿಗ್ಗೆ ಹೇಳುತ್ತೇನೆ ಎಂದು ಅವರನ್ನು ಸುಮ್ಮನಾಗಿಸಿದೆ.

ಬೆಳಿಗ್ಗೆ ಲಾಯಕ್ಕೆ ಹೋದಾಗ ಪೂನಾದವನು ಎಂದಿನ ಹೊತ್ತಿಗೇ ಬಂದು ಕುದುರೆಗೆ ನೀರಿಟ್ಟಿದ್ದ. ಅವನ ಕ್ವಾರ್ಟರ್ಸಿನ ಮುಂದೆ ಹಾಸಿಗೆ ಗಂಟು ಕಟ್ಟಿತ್ತು, ಪಾತ್ರೆಗಳು ಗೋಣಿಚೀಲದಲ್ಲಿದ್ದವು. ಹೆಂಡತಿ ಮಗುವನ್ನು ಎತ್ತಿಕೊಂಡು ಗಂಟಿನ ಪಕ್ಕ ನಿಂತಿದ್ದಳು. ನಮ್ಮ ಮನೆಯ ಮಾತು ಅವರನ್ನು ಮುಟ್ಟಿತ್ತು. ಅವನು ಮಾತ್ರ ಮಾಲೀಸು ಮುಗಿಸಿಯೇ ಹೋಗುವ ಹಾಗೆ ಕುದುರೆಯ ಮೈ ಉಜ್ಜುತ್ತಿದ್ದ.

“ಗಂಟು ಬಿಚ್ಚು,” ಎಂದೆ.

ಹಾಗೆ ಹೇಳಿದ್ದು ಸರಿ ಎಂದು ಅಂದು ಅನ್ನಿಸಿತ್ತು. ಇಂದೂ ತಪ್ಪೆನ್ನುವುದಿಲ್ಲ. ಆದರೆ ಮನೆಗೆ ಹೋಗುವ ದಾರಿ ಅಂದು ಬಹಳ ಉದ್ದವಾಗಿತ್ತು.

ತಂಗಿಯ ಕುಟುಂಬ ತುಮಕೂರಿನ ಕಡೆ ಹೋಯಿತು. ಅವನಿಗೆ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಲಾರಿಗೆ ಲೋಡ್ ಮಾಡುವ ಕೆಲಸ ಸಿಕ್ಕಿತು. ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ಹೋದೆ. ತಂಗಿ ಬಾಗಿಲಲ್ಲೇ ನಿಂತು ಮೊರ ತೆಗೆದುಕೊಂಡಳು. ಕಣ್ಣಿಗೊತ್ತಿಕೊಂಡಳು. ಒಳಗೆ ಬಾ ಎನ್ನಲಿಲ್ಲ. ಮುಂದಿನ ವರ್ಷವೂ ಹಾಗೆಯೇ ಆಯಿತು.

ಎಂಬತ್ತರ ದಶಕ ಶುರುವಾದ ಮೇಲೆ ಒಂದು ದಿನ ಪೂನಾದವನು ನನ್ನ ಬಳಿ ಬಂದ. ಹೈದರಾಬಾದಿನ ಲಾಯವೊಂದರಲ್ಲಿ ಹೆಚ್ಚು ಸಂಬಳಕ್ಕೆ ಕರೆದಿದ್ದಾರೆ, ತಿಂಗಳು ಮುಗಿದ ಮೇಲೆ ಹೋಗುತ್ತೇನೆ ಎಂದು ತನ್ನ ಅರ್ಧ ಕನ್ನಡದಲ್ಲಿ ಹೇಳಿದ. ನನಗೆ ಸಿಟ್ಟು ನೆತ್ತಿಗೇರಿತು. ನಿನಗಾಗಿ ನಾನು ಏನು ಕಳೆದುಕೊಂಡೆ ಗೊತ್ತಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಕೆಲಸಗಾರ ತನಗೆ ಬೇಕಾದಲ್ಲಿಗೆ ಹೋಗಬಹುದು ಎಂದು ಹುರುಳಿ ಗೋದಾಮಿನ ಮುಂದೆ ಮೆಚ್ಚಿಕೊಂಡವನು ನಾನೇ. ಬರುವವನಿಗೆ ಆ ಮಾತು ಸಲ್ಲುವುದಾದರೆ ಹೋಗುವವನಿಗೂ ಸಲ್ಲಬೇಕು.

ಅದೇ ವಾರ ಹಿರೇಹಳ್ಳಿಗೆ ಹೋದೆ. ಕಾರ್ಖಾನೆಯ ಹಿಂದೆ ಶೀಟು ಹಾಕಿದ ಸಾಲುಮನೆಗಳು. ತಂಗಿಯ ಗಂಡ ಆಗಷ್ಟೇ ಕೆಲಸ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದ. ಹೆಗಲು ಒಂದು ಕಡೆ ಬಾಗಿತ್ತು. ಜಾಗ ಖಾಲಿಯಾಗುತ್ತಿದೆ, ಬಾ ಎಂದೆ.

“ಪೂನಾದೋನು ಹೋಗ್ತವ್ನಾ?”

“ಹೂಂ. ಹೈದರಾಬಾದಿಗೆ.”

“ನಾನ್ ಹೇಳಿರ್ಲಿಲ್ವಾ ಭಾವ?”

“ಹೇಳಿದ್ದೆ.”

ಅವನಿಗೆ ಅದರಿಂದ ಸಂತೋಷವಾದಂತೆ ಕಾಣಲಿಲ್ಲ. ಟವೆಲ್ಲನ್ನು ಹಗ್ಗದ ಮೇಲೆ ಹರವಿದ. “ಕುದ್ರೆ ವಾಸ್ನೆ ಈಗ್ಲೂ ಕನ್ಸಲ್ಲಿ ಬರ್ತದೆ. ಆದ್ರೆ ನಾ ಬರಲ್ಲ ಭಾವ. ಇವ್ಳನ್ ಕೇಳಿ,” ಎಂದು ಒಳಗೆ ಹೋದ.

ತಂಗಿ ಬಸ್ ನಿಲ್ಲುವ ಜಾಗದವರೆಗೆ ನನ್ನ ಜೊತೆ ಬಂದಳು. ಎಷ್ಟೋ ದಿನಗಳ ಮೇಲೆ ಅವಳು ನನ್ನೊಡನೆ ನಾಲ್ಕು ಹೆಜ್ಜೆ ನಡೆದದ್ದು.

“ಅಣ್ಣಾ, ಪಕ್ಕದ್ ಮನೆಯೋರು ಸೇಲಂನೋರು. ಆಚೆಯೋರು ಮಧುಗಿರಿ. ಕೊನೆ ಮನೆಯೋರು ಆಂಧ್ರ. ಇಲ್ಲಿ ಹೊರಗಿನೋನು ಅನ್ನಾಕೆ ಒಳಗಿನೋನು ಅಂತ ಒಬ್ನೂ ಇಲ್ಲ. ಅವ್ರ ಹೆಗ್ಲು ಬಿದ್ದೋಯ್ತದೆ ನಿಜ. ಆದ್ರೆ ಅಲ್ಲಿಗ್ ಬಂದ್ರೆ ಮತ್ತೆ ಯಾವತ್ತೋ ಒಂದಿನ ಅವ್ರು ಗುಬ್ಬಿಯೋನಾಗ್ತಾರೆ. ನೀನೂ ಎಷ್ಟು ದಿನ ಜಮಾದಾರ್ಕೆ ಮಾಡ್ತೀಯ, ಹೇಳು?”

ಬಸ್ಸು ಬಂತು. ಹತ್ತು ಎಂದು ಅವಳು ನನ್ನ ಭುಜ ತಟ್ಟಿದಳು.

ಮರುದಿನ ಲಾಯಕ್ಕೆ ಹೋದರೆ ಹಿರಿಯ ಸೈಸ ತನ್ನ ಅಳಿಯನನ್ನು ಕಂದು ಕುದುರೆಯ ಪಕ್ಕ ನಿಲ್ಲಿಸಿದ್ದ. ನನ್ನನ್ನು ಕೇಳಿರಲಿಲ್ಲ. ಆ ಅಳಿಯ ಹೊಸ ಅಂಗಿ ತೊಟ್ಟು, ಕುದುರೆಗೆ ಹೆದರುತ್ತ, ಕೈಯನ್ನು ಅರ್ಧ ಚಾಚಿ ನಿಂತಿದ್ದ. ಮ್ಯಾನೇಜರು ನನ್ನ ಮುಖ ನೋಡಿದರು. ಬೇರೆ ಊರುಗಳಿಗೆ ಹೇಳಿ ಕಳಿಸಿ, ಬಂದವರನ್ನೆಲ್ಲ ನಿಲ್ಲಿಸಿ ನೋಡಬೇಕು ಎಂದು ಹೇಳಬೇಕಾದವನು ನಾನು.

“ಹತ್ತಿರ ಹೋಗು,” ಎಂದೆ ಆ ಅಳಿಯನಿಗೆ. “ಕುತ್ತಿಗೆ ಮೇಲೆ ಕೈಯಿಡು. ಮುಖದ ಹತ್ತಿರ ಬೇಡ.”