ಕ್ಲಬ್‌ಹೌಸಿನಲ್ಲಿ ಅಜ್ಜನ ಎಂಜಲು

ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲುಗಳ ಮೇಲೆ ಮೂರು ಭಾಷೆಗಳಲ್ಲಿ ‘ಉಗುಳಬಾರದು’ ಎಂದು ಬರೆಸಿದ ಸಮಿತಿಯೇ, ಒಂದು ಭಾನುವಾರ ಬೆಳಿಗ್ಗೆ ಕ್ಲಬ್‌ಹೌಸಿನಲ್ಲಿ ಹಿರಿಯರನ್ನೆಲ್ಲ ಸಾಲಾಗಿ ಕೂರಿಸಿ ಉಗುಳಿಸಿತು. ಯಾವುದೋ ಹೊಸ ಕಂಪನಿ, ಎಂಜಲು ಪರೀಕ್ಷಿಸಿ ಮರೆವಿನ ಕಾಯಿಲೆಯ ಸುಳಿವು ಕೊಡುತ್ತದಂತೆ. ಸೂಜಿಯಿಲ್ಲ, ನೋವಿಲ್ಲ, ಫಲಿತಾಂಶ ಮೊಬೈಲಿಗೇ ಬರುತ್ತದೆ. ಮೊಬೈಲಿಗೆ ಬರುತ್ತದೆ ಎಂದರೆ ನಮ್ಮಪ್ಪ ತನ್ನ ಮೂಗನ್ನೇ ಬಿಚ್ಚಿ ಕೊಟ್ಟಾನು. ಸದ್ಯಕ್ಕೆ ಕೊಟ್ಟಿದ್ದು ಅಜ್ಜನನ್ನು.

ಅಜ್ಜ ರಾಣೆಬೆನ್ನೂರಿನಲ್ಲಿ ಗಣಿತದ ಮಾಸ್ತರನಾಗಿದ್ದವನು. ಅಜ್ಜಿ ಹೋದ ಮೇಲೆ ಬೆಂಗಳೂರಿನ ಹೂಡಿಯ ನಮ್ಮ ಹತ್ತನೇ ಮಹಡಿಗೆ ಬಂದ. ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ನೀರು ಕುಡಿಯುವ ಮನುಷ್ಯ. ಅವನ ಕೈಗೆ ಒಂದು ಪ್ಲಾಸ್ಟಿಕ್ ನಳಿಗೆ ಕೊಟ್ಟು, ಗೆರೆಯವರೆಗೆ ತುಂಬಿಸಿ, ನೊರೆ ಲೆಕ್ಕಕ್ಕಿಲ್ಲ ಎಂದರು. ಕಂಪನಿಯ ಟೀ ಶರ್ಟ್ ತೊಟ್ಟ ಹುಡುಗಿ ಹುಣಸೆಹಣ್ಣು ನೆನೆಸಿಕೊಳ್ಳಿ ಅಂಕಲ್ ಎಂದು ಉಪಾಯ ಹೇಳಿಕೊಟ್ಟಳು. ಬಿಪಿ ಮಾತ್ರೆಗೆ ಅಜ್ಜನ ಬಾಯಿ ಒಣಗಿತ್ತು. ಅತ್ತಿತ್ತ ನೋಡಿ ನನ್ನ ಕಿವಿಯಲ್ಲಿ ಕೇಳಿದ: “ನನ್ನ ಎಂಜಲಾ ತೊಗೊಂಡು ಹೋಗಿ ಆ ಹುಡುಗಿ ಕೈಯಾಗ ಇಡೂದೇನಪಾ?”

ಸುತ್ತಲೂ ನಿವೃತ್ತ ಅಧಿಕಾರಿಗಳು, ಒಂದು ಕಾಲಕ್ಕೆ ಫೈಲುಗಳನ್ನು ವರ್ಷಗಟ್ಟಲೆ ತಡೆದವರು, ಈಗ ಮೂರು ಹನಿಗಾಗಿ ಮುಖ ಕೆಂಪಗೆ ಮಾಡಿಕೊಂಡು ತಿಣುಕುತ್ತಿದ್ದರು. ನಾನು ಒಬ್ಬೊಬ್ಬರ ಮುಖವನ್ನೂ ಮನಸ್ಸಿನಲ್ಲಿ ಇಳಿಸಿಕೊಳ್ಳುತ್ತಿದ್ದೆ. ಅದೇ ನನ್ನ ಚಾಳಿ. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಬೇರೆಯವರ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ; ಬೇರೆಯವರ ದನಿ ಕದಿಯುವುದು ಹವ್ಯಾಸ. ಮ್ಯಾನೇಜರ್, ವಾಚ್‌ಮನ್, ಲಿಫ್ಟಿನೊಳಗಿನ ಹೆಂಗಸು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ.

ಅಜ್ಜ ಆ ಕುರ್ಚಿಯಲ್ಲಿ ಕೂರುವಂತಾದದ್ದೂ ಆ ಚಾಳಿಯಿಂದಲೇ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಬಿ ಬ್ಲಾಕಿನಲ್ಲಿ ಒಬ್ಬರು ಗೌಡರಿದ್ದಾರೆ. ಈ ಕಟ್ಟಡ ನಿಂತಿರುವುದು ಅವರ ರಾಗಿ ಹೊಲದ ಮೇಲೆ. ಅಜ್ಜನಿಗೆ ಇಲ್ಲಿ ಇದ್ದ ಒಬ್ಬನೇ ಗೆಳೆಯ. ಮನೆಮನೆಗೆ ಇಂಟರ್‌ಕಾಮ್ ಇದೆ, ಯಾರು ಕರೆ ಮಾಡಿದರೆಂದು ಅದರಲ್ಲಿ ಕಾಣುವುದಿಲ್ಲ. ನೆಲಮಹಡಿಯ ಜಿಮ್ಮಿನ ಇಂಟರ್‌ಕಾಮಿನಿಂದ ಅಜ್ಜನಿಗೆ ಗೌಡರ ದನಿಯಲ್ಲಿ, “ಯಜಮಾನ್ರೇ, ಮಧ್ಯಾನ ಊಟಕ್ ಬನ್ನಿ, ಸೊಪ್ಪಿನ್ ಸಾರು ಮುದ್ದೆ ಮಾಡ್ಸಿವ್ನಿ. ಅಂಗೇ ಮಾತಾಡಾದೈತೆ” ಅಂದೆ. ಅಜ್ಜ ಇಸ್ತ್ರಿ ಅಂಗಿ ತೊಟ್ಟು ಹೋದ. ಗೌಡರು ಬನಿಯನ್ನಿನಲ್ಲಿ ಬಾಗಿಲು ತೆಗೆದು, ನಾನೆಲ್ಲಿ ಕರೆದೆ ಅಂದರು. ನಾನು ಲಿಫ್ಟಿನ ಪಕ್ಕ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೀಗೆ ಮೂರು ಸಲ.

ಮೂರನೆಯದಾದ ಮೇಲೆ ಮನೆಯಲ್ಲಿ ಪಿಸುಮಾತು ಶುರುವಾಯಿತು. ಬಾರದ ಫೋನು ಬಂತು ಅಂತಾರೆ, ಕರೆಯದ ಮನೆಗೆ ಹೋಗ್ತಾರೆ. ಅಮ್ಮ ಅಜ್ಜನ ಮರೆವಿನ ಪಟ್ಟಿ ಬರೆಯತೊಡಗಿದಳು. ಅಪ್ಪ ಮುಂಬಾಗಿಲಿನ ಡಿಜಿಟಲ್ ಬೀಗದ ನಂಬರ್ ಬದಲಾಯಿಸಿ ಅಜ್ಜನಿಗೆ ಹೇಳದೆ ಇಟ್ಟ; ನಂಬರ್ ಒತ್ತದೆ ಅದು ಒಳಗಿನಿಂದಲೂ ತೆರೆಯದು. ದಿನಾ ಸಂಜೆ ಕೆರೆಯ ತನಕ ನಡೆಯುತ್ತಿದ್ದ ಅಜ್ಜ ಚಪ್ಪಲಿ ಹಾಕಿಕೊಂಡು ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದ. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಎಲ್ಲರ ದನಿಯಲ್ಲೂ ಮಾತಾಡುವ ಮಹಾಶಯನಿಗೆ ಸ್ವಂತ ದನಿಯಲ್ಲಿ ಒಂದು ತಪ್ಪೊಪ್ಪಿಗೆ ಹೊರಡಲಿಲ್ಲ. ಎಂಜಲಿನ ಫಲಿತಾಂಶ ಚೆನ್ನಾಗಿ ಬಂದರೆ ಬೀಗ ತಾನಾಗಿ ತೆರೆಯುತ್ತದೆ ಎಂದು ಲೆಕ್ಕ ಹಾಕಿದೆ.

ಫಲಿತಾಂಶ ಬಂತು. ಹಸಿರೂ ಅಲ್ಲ, ಕೆಂಪೂ ಅಲ್ಲ, ನಡುವಿನ ಹಳದಿ. ಖಚಿತವಾಗಿ ಹೇಳಲಾಗದು, ವೈದ್ಯರನ್ನು ಕಾಣಿ ಎಂದು ಕೆಳಗೆ ಇರುವೆಯಂಥ ಅಕ್ಷರ. ಇದನ್ನು ಹೇಳಲು ಅಷ್ಟೆಲ್ಲ ಉಗುಳಬೇಕಿತ್ತೇ? ಅಪ್ಪ ಮಾತ್ರ ಆ ಹಳದಿಯನ್ನು ಹತ್ತು ಜನಕ್ಕೆ ಫಾರ್ವರ್ಡ್ ಮಾಡಿದ.

ವೈಟ್‌ಫೀಲ್ಡಿನ ನರರೋಗದ ಡಾಕ್ಟರಮ್ಮ ಮೊಬೈಲನ್ನು ಒಮ್ಮೆ ನೋಡಿ ಮಗುಚಿಟ್ಟರು. ಎಂಜಲಿನ ಪರೀಕ್ಷೆಗಳ ಬಗ್ಗೆ ಇನ್ನೂ ಅಧ್ಯಯನ ನಡೆಯುತ್ತಿದೆ, ಮುಂದೆ ಉಪಯೋಗಕ್ಕೆ ಬರಬಹುದು, ಅದೊಂದನ್ನೇ ನಂಬಿ ಏನೂ ಹೇಳಲಾಗದು ಅಂದರು. ಅವರಿಗೆ ಬೇಕಿದ್ದದ್ದು ಅಜ್ಜನ ಮಾತು, ಮನೆಯವರ ಮಾತು. ಅಮ್ಮ ಪಟ್ಟಿ ತೆಗೆದಳು. ಅಜ್ಜ ಪಕ್ಕದಲ್ಲೇ ಕೂತಿದ್ದ, ದುರಸ್ತಿಗೆ ತಂದ ಮಿಕ್ಸಿಯ ಹಾಗೆ.

ಬಾರದ ಫೋನು, ಒಂದು. ಎರಡು. ಮೂರು ಎನ್ನುವ ಹೊತ್ತಿಗೆ ನನ್ನ ಬಾಯಿ ತಾನಾಗಿ ತೆರೆಯಿತು. ಆ ಮೂರೂ ಫೋನು ನಾನೇ ಮಾಡಿದ್ದು ಅಂದೆ. ಯಾರೂ ನಂಬಲಿಲ್ಲ. ಗೌಡರ ದನಿಯಲ್ಲಿ ಇನ್ನೊಮ್ಮೆ ಹೇಳಿದೆ. ಅಮ್ಮ ಪಟ್ಟಿಯನ್ನು ಮಡಚಿ ನನ್ನ ಬೆನ್ನಿಗೆ ಬಾರಿಸಿದಳು. ಅಜ್ಜ ಬಯ್ಯಲಿಲ್ಲ.

“ಅಂದ್ರ, ಅವತ್ತ ನನ್ನ ಕರದದ್ದು ಖರೇ” ಅಂದ. ಮತ್ತೆ, “ಖರೇನ ಕರದಿದ್ರು” ಅಂದ. ಈ ಒಂದು ತಿಂಗಳು ಅವನು ತನ್ನನ್ನೇ ಅನುಮಾನಿಸಿಕೊಂಡು ಸ್ಟೂಲಿನ ಮೇಲೆ ಕೂತಿದ್ದ ಎಂದು ನನ್ನ ಮಂಡೆಗೆ ಹೊಳೆದದ್ದು ಆಗ.

ಡಾಕ್ಟರಮ್ಮ ಪಟ್ಟಿ ತೆಗೆದುಕೊಂಡು ಮೊದಲ ಮೂರು ಸಾಲು ಹೊಡೆದುಹಾಕಿದರು. ಬೀಗದ ನಂಬರ್ ಇವತ್ತೇ ಹೇಳಿಬಿಡಿ, ಸಂಜೆ ವಾಕಿಂಗಿಗೆ ಈ ಕಲಾವಿದರು ಜೊತೆಗೆ ಹೋಗಲಿ ಅಂದರು. ಅಪ್ಪನ ಮುಖ ಒಮ್ಮೆಲೇ ಅರಳಿತು. ಪಟ್ಟಿ ಕಿತ್ತುಕೊಂಡು ನಾಲ್ಕನೆಯ ಸಾಲಿಗೆ ಬೆರಳಿಟ್ಟ. ಒಂದು ಸಂಜೆ ಆಫೀಸಿನಿಂದ ಬಂದ ಅಪ್ಪನನ್ನು ಅಜ್ಜ ಅಪರಿಚಿತನನ್ನು ಕೇಳುವಂತೆ ಕೇಳಿದ್ದ, “ತಮ್ಮಾ, ನೀವು ಯಾರ ಪೈಕಿ?”

“ಇದೂ ನಿಂದೇ ಅಲ್ವೇನೋ?” ಅಪ್ಪ ಕೇಳಿದ. “ನೀನೇ ಹೇಳ್ಕೊಟ್ಟಿದ್ದೆ ತಾನೇ?”

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಎಲ್ಲರಿಗೂ ಬೇಕಿದ್ದದ್ದು ಅದೊಂದೇ ಅಕ್ಷರ, ಅಜ್ಜನಿಗೂ. ಎಷ್ಟು ಸುಳ್ಳುದನಿ ತೆಗೆದವನು ನಾನು.

“ಅಲ್ಲಪ್ಪ” ಅಂದೆ.

ಡಾಕ್ಟರಮ್ಮ ಆ ಸಾಲಿಗೆ ಸುತ್ತು ಹಾಕಿ, ಮಾತಿನಲ್ಲಿ ಏನಾದರೂ ವ್ಯತ್ಯಾಸ ಕಂಡಿದ್ದೀರಾ, ಯಾವಾಗಿನಿಂದ ಎಂದು ಕೇಳಿದರು. ಅಪ್ಪ ಅಮ್ಮನನ್ನು ನೋಡಿದ, ಅಮ್ಮ ಅಪ್ಪನನ್ನು. ಒಂದೇ ಮನೆಯಲ್ಲಿದ್ದು ಇಬ್ಬರೂ ಅಜ್ಜನ ಮಾತಿಗೆ ಕಿವಿ ಕೊಟ್ಟಿರಲಿಲ್ಲ. ನನಗೆ ಗೊತ್ತಿತ್ತು. ಯುಗಾದಿಯಿಂದ. ಸಾಮಾನಿನ ಹೆಸರು ಬರುವಲ್ಲಿ ಅಜ್ಜ ತಡೆದು ನಿಲ್ಲುತ್ತಿದ್ದ, ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಇಷ್ಟು ಖಚಿತವಾಗಿ ಹೇಗೆ ಗೊತ್ತು ಅಂದರೆ, ಆಫೀಸಿನ ಯುಗಾದಿ ಊಟದಲ್ಲಿ ಗೆಳೆಯರೆದುರು ನಾನು ಅದನ್ನು ಮೊದಲ ಬಾರಿ ಮಾಡಿ ತೋರಿಸಿದ್ದೆ. ಸಕ್ಕತ್ ಮಗಾ, ಒನ್ಸ್ ಮೋರ್ ಅಂದಿದ್ದರು. ಒನ್ಸ್ ಮೋರ್ ಮಾಡಿದ್ದೆ.

ಅದನ್ನೂ ಹೇಳಿದೆ. ಹೇಗಿತ್ತು, ಮಾಡಿ ತೋರಿಸುತ್ತೀರಾ ಎಂದರು ಡಾಕ್ಟರಮ್ಮ.

“ಮಾಡಪಾ” ಅಂದ ಅಜ್ಜ. “ನಾನೂ ನೋಡ್ತೀನಿ.”

ಮಾಡಿದೆ. ಅಜ್ಜನ ಭುಜ, ಅಜ್ಜನ ಕತ್ತು, ಅಜ್ಜನ ದನಿ: “ತಮ್ಮಾ, ಒಳಗಿಂದ ನನ್ನ... ಆ ನನ್ನ...” ಅಲ್ಲಿಗೆ ನಿಲ್ಲಿಸಿದೆ, ಕೈ ಗಾಳಿಯಲ್ಲಿ. ಯಾರೂ ನಗಲಿಲ್ಲ. ಅಜ್ಜ ಸ್ವಲ್ಪ ಮುಂದೆ ಬಾಗಿ ನನ್ನ ಬಾಯಿಯನ್ನೇ ನೋಡುತ್ತಿದ್ದ, ಆ ಶಬ್ದ ನನಗಾದರೂ ಸಿಗಬಹುದು ಎಂದು ಕಾಯುತ್ತ.